ಐಸ್‌ಲ್ಯಾಂಡಿನ ಕರೆಂಟು ಯಾರ ಮನೆಗೆ?

ಪ್ರಶ್ನೆ: ನಮ್ಮ ಊರು ಪುತ್ತೂರಿನ ಹತ್ತಿರ. ಬೆಂದ್ರುತೀರ್ಥದ ಬಿಸಿನೀರಿನ ಬುಗ್ಗೆಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಐಸ್‌ಲ್ಯಾಂಡಿನಲ್ಲಿ ಇಂಥ ನೀರಿನಿಂದಲೇ ಮನೆಗಳನ್ನು ಬೆಚ್ಚಗಿಡುತ್ತಾರೆ, ವಿದ್ಯುತ್ತನ್ನೂ ತಯಾರಿಸುತ್ತಾರೆ ಎಂದು ಓದಿದೆ. ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲವಂತೆ. ಹಾಗಿದ್ದರೆ ಅಷ್ಟೊಂದು ವಿದ್ಯುತ್ತು ಯಾರಿಗೆ? ಮಿಕ್ಕಿದ್ದನ್ನು ಬೇರೆ ದೇಶಗಳಿಗೆ ಮಾರಬಾರದೇ? ಜನ ಕಡಿಮೆ, ಜಾಗ ಹೆಚ್ಚು ಇರುವಲ್ಲಿ ಅಣೆಕಟ್ಟು, ಸ್ಥಾವರಗಳಿಗೆ ವಿರೋಧವೂ ಇರಲಾರದು. ಅಲ್ಲಿಂದ ನಾವು ಕಲಿಯುವುದು ಏನಾದರೂ ಇದೆಯೇ?

ಉತ್ತರ: ಮೊದಲು ನಿಮ್ಮೂರಿನ ನೀರಿನ ವಿಷಯ ಮುಗಿಸುತ್ತೇನೆ. ಬೆಂದ್ರುತೀರ್ಥದ ನೀರು ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗಿದೆ, ಅಷ್ಟೇ. ಟರ್ಬೈನ್ ತಿರುಗಿಸಲು ಒತ್ತಡ ತುಂಬಿದ ಹಬೆ ಬೇಕು. ಐಸ್‌ಲ್ಯಾಂಡಿನ ಸ್ಥಾವರಗಳಲ್ಲಿ ಒಂದೆರಡು ಕಿಲೋಮೀಟರ್ ಕೊರೆದರೆ 200ರಿಂದ 300 ಡಿಗ್ರಿ ಶಾಖ ಸಿಗುತ್ತದೆ. ಆ ದ್ವೀಪ ನಿಂತಿರುವುದು ಅಟ್ಲಾಂಟಿಕ್ ಸಾಗರದ ನಡುವಿನ ಬಿರುಕಿನ ಮೇಲೆ. ಭೂಮಿಯ ಎರಡು ಫಲಕಗಳು ಅಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ. 2009ರಲ್ಲಿ ಕ್ರಾಪ್ಲಾ ಎಂಬಲ್ಲಿ ಆಳದ ಬಾವಿ ಕೊರೆಯಹೊರಟವರ ಡ್ರಿಲ್ಲು ಸುಮಾರು 2,100 ಮೀಟರಿಗೆ ಶಿಲಾರಸಕ್ಕೇ ತಗುಲಿತ್ತು. ಕರ್ನಾಟಕದ ನೆಲವೋ 250 ಕೋಟಿ ವರ್ಷಗಳಿಗೂ ಹಿಂದಿನ ಬಂಡೆಗಳದ್ದು. ಎಂದೋ ಆರಿದ ಒಲೆ. ಭಾರತದಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಆಸೆ ಇರುವುದು ಮುಖ್ಯವಾಗಿ ಲಡಾಖಿನ ಪೂಗಾ ಕಣಿವೆಯಲ್ಲಿ. 2021ರಲ್ಲಿ ಒಎನ್‌ಜಿಸಿ ಅಲ್ಲಿ 1 ಮೆಗಾವಾಟ್‌ನ ಪ್ರಾಯೋಗಿಕ ಯೋಜನೆಗೆ ಒಪ್ಪಂದ ಮಾಡಿಕೊಂಡಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಾನು ಪ್ರಸರಣ ಮಾರ್ಗಗಳ ಕೆಲಸದಲ್ಲೇ ವೃತ್ತಿ ಕಳೆದವನು. ಆರು ತಿಂಗಳ ತರಬೇತಿಗೆಂದು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಇದ್ದೆ. ಹೋಗುವ ಮೊದಲು ನನಗೂ ನಿಮ್ಮ ಹಾಗೆಯೇ ಅನಿಸಿತ್ತು: ಜನ ಕಡಿಮೆ, ನೀರು ಬೇಕಾದಷ್ಟು, ಬೆಂಕಿ ಕಾಲಡಿಯಲ್ಲೇ, ಇನ್ನೇನು ಕಷ್ಟ? ಅಲ್ಲಿ ಮೊದಲ ವಾರ ಕೈಗೆ ಸಿಕ್ಕ ಒಂದು ಕೋಷ್ಟಕ ಆ ಭಾವನೆಯನ್ನು ಕಳಚಿಹಾಕಿತು. ಐಸ್‌ಲ್ಯಾಂಡಿನಲ್ಲಿ ವರ್ಷಕ್ಕೆ ತಯಾರಾಗುವ ವಿದ್ಯುತ್ತು ಸುಮಾರು 1,900ರಿಂದ 2,000 ಕೋಟಿ ಯೂನಿಟ್. ಅದರಲ್ಲಿ ಸುಮಾರು 70 ಪಾಲು ಜಲವಿದ್ಯುತ್ತು, 30 ಪಾಲು ಭೂಶಾಖದ್ದು. ತಲಾ ಲೆಕ್ಕ ಹಾಕಿದರೆ 50,000 ಯೂನಿಟ್ ಆಗುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು. ಭಾರತದ ತಲಾ ಲೆಕ್ಕ 1,400ರ ಆಸುಪಾಸಿನಲ್ಲಿದೆ. ಆದರೆ ಐಸ್‌ಲ್ಯಾಂಡಿನವರೇನೂ ನಮಗಿಂತ ಮೂವತ್ತೈದು ಪಟ್ಟು ದೀಪ ಉರಿಸುವುದಿಲ್ಲ. ಮನೆಗಳಿಗೆ ಹೋಗುವುದು ನೂರರಲ್ಲಿ ಐದು ಪಾಲು ಮಾತ್ರ. ಸುಮಾರು ಮೂರನೇ ಎರಡು ಪಾಲನ್ನು ನುಂಗುವುದು ಮೂರು ಅಲ್ಯೂಮಿನಿಯಂ ಕಾರ್ಖಾನೆಗಳು.

ಅಲ್ಯೂಮಿನಿಯಂ ತೆಗೆಯುವ ಬಾಕ್ಸೈಟ್ ಅದಿರು ಐಸ್‌ಲ್ಯಾಂಡಿನಲ್ಲಿ ಒಂದು ಹಿಡಿಯೂ ಇಲ್ಲ. ಬೇರೆ ಖಂಡಗಳಲ್ಲಿ ಅಗೆದು, ಶುದ್ಧಿ ಮಾಡಿ, ಬಿಳಿಯ ಪುಡಿಯಾದ ಅಲ್ಯೂಮಿನಾವನ್ನು ಹಡಗಿನಲ್ಲಿ ಅಷ್ಟು ದೂರ ತರುತ್ತಾರೆ. ಅದರಲ್ಲಿ ವಿದ್ಯುತ್ತು ಹಾಯಿಸಿ ಲೋಹ ಬೇರ್ಪಡಿಸಿ ಮತ್ತೆ ಹಡಗಿಗೆ ಏರಿಸುತ್ತಾರೆ. ಒಂದು ಕಿಲೋ ಅಲ್ಯೂಮಿನಿಯಂಗೆ ಸುಮಾರು 14ರಿಂದ 15 ಯೂನಿಟ್ ಬೇಕು. ನಿಮ್ಮ ಮನೆಯಲ್ಲಿ ಮೂರು ನಾಲ್ಕು ದಿನಕ್ಕೆ ಸಾಕಾಗುವ ವಿದ್ಯುತ್ತು ಅಲ್ಲಿ ಒಂದು ಕಿಲೋ ಲೋಹದೊಳಗೆ ಅಡಗಿ ಕೂತು ಸಮುದ್ರ ದಾಟುತ್ತದೆ. “ಮಿಕ್ಕಿದ್ದನ್ನು ಮಾರಬಾರದೇ” ಎಂದು ಕೇಳಿದ್ದೀರಿ. ಮಾರುತ್ತಲೇ ಇದ್ದಾರೆ. ತಂತಿಯಲ್ಲಿ ಕಳಿಸಲಾಗದ್ದನ್ನು ಗಟ್ಟಿ ಮಾಡಿ ಕಳಿಸುತ್ತಿದ್ದಾರೆ.

ಹೀಗೆ ಏಕಾಯಿತು ಎಂಬುದಕ್ಕೆ 1960ರ ದಶಕಕ್ಕೆ ಹೋಗಬೇಕು. ಅಂದಿನ ಐಸ್‌ಲ್ಯಾಂಡ್ ಮೀನನ್ನೇ ನೆಚ್ಚಿದ್ದ ದೇಶ. ದೊಡ್ಡ ನದಿಗೆ ದೊಡ್ಡ ಸ್ಥಾವರ ಕಟ್ಟಲು ದುಡ್ಡಿಲ್ಲ. ಸಾಲ ಕೊಡುವವರು ಕೇಳುವುದು ಕೊಳ್ಳುವವರು ಯಾರೆಂದು. ಎರಡು ಲಕ್ಷ ಜನರ ಮನೆಯ ದೀಪ ಅದಕ್ಕೆ ಉತ್ತರವಾಗಲಿಲ್ಲ. ಸ್ವಿಸ್ ಕಂಪನಿಯೊಂದು ರಾಜಧಾನಿಯ ಪಕ್ಕದ ಸ್ಟ್ರೌಮ್ಸ್‌ವೀಕ್‌ನಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಹಾಕಲು ಒಪ್ಪಿತು. 1965ರಲ್ಲಿ ಲ್ಯಾಂಡ್ಸ್‌ವಿರ್ಕ್ಯುನ್ ಎಂಬ ಸಾರ್ವಜನಿಕ ವಿದ್ಯುತ್ ಸಂಸ್ಥೆ ಹುಟ್ಟಿತು. ವಿಶ್ವಬ್ಯಾಂಕಿನ ಸಾಲದಿಂದ ಬೂರ್‌ಫೆಟ್ಲ್ ಜಲವಿದ್ಯುತ್ ಸ್ಥಾವರ ಎದ್ದಿತು. 1969ರಲ್ಲಿ ಸ್ಥಾವರ, ಕಾರ್ಖಾನೆ ಎರಡೂ ಒಟ್ಟಿಗೆ ಶುರುವಾದವು.

ನಮ್ಮವರಿಗೆ ಇದು ಪರಿಚಿತ ದಾರಿಯೇ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಬೆಂಗಳೂರಿಗೆ ಬರಲಿಲ್ಲ. 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ದೊಡ್ಡ ಗಿರಾಕಿಯನ್ನು ಹಿಡಿದು ಸ್ಥಾವರ ಕಟ್ಟುವುದು, ಆಮೇಲೆ ಊರಿಗೆ ಹಂಚುವುದು ತಪ್ಪೆಂದು ನಾನು ಹೇಳಲಾರೆ. ಬೂರ್‌ಫೆಟ್ಲ್ ಇಲ್ಲದಿದ್ದರೆ ಐಸ್‌ಲ್ಯಾಂಡಿಗೆ ಗಟ್ಟಿಯಾದ ಗ್ರಿಡ್ ಅಷ್ಟು ಬೇಗ ಬರುತ್ತಿರಲಿಲ್ಲ. ನನ್ನ ತಕರಾರು ಇರುವುದು ಅದರ ನಂತರದ ಕಥೆಗೆ.

ಆ ಕಥೆಯ ಹೆಸರು ಕೌರಾಹ್ನ್ಯೂಕರ್. ದೇಶದ ಪೂರ್ವಭಾಗದ ಎತ್ತರದ ನಿರ್ಜನ ಪ್ರದೇಶ. ವಾತ್ನಾಯೋಕುಲ್ ಎಂಬ ಮಹಾ ಹಿಮನದಿಯಿಂದ ಇಳಿಯುವ ನೀರಿಗೆ ಅಡ್ಡಲಾಗಿ 190 ಮೀಟರಿಗೂ ಹೆಚ್ಚು ಎತ್ತರದ ಅಣೆಕಟ್ಟು ಕಟ್ಟಿದರು. 57 ಚದರ ಕಿಲೋಮೀಟರ್ ಮುಳುಗಿತು. ಅಲ್ಲಿಂದ ಬಂಡೆ ಕೊರೆದು ಸುಮಾರು 40 ಕಿಲೋಮೀಟರ್ ಸುರಂಗದಲ್ಲಿ ನೀರನ್ನು ತಂದು ನೆಲದೊಳಗಿನ ಸ್ಥಾವರಕ್ಕೆ ಧುಮುಕಿಸಿದರು. ಸಾಮರ್ಥ್ಯ 690 ಮೆಗಾವಾಟ್. ಇಷ್ಟೂ ಒಂದೇ ಕಾರ್ಖಾನೆಗಾಗಿ: ಕೆಳಗಿನ ಕಡಲಚಾಚಿನ (ನೆಲದೊಳಕ್ಕೆ ಚಾಚಿದ ಕಡಲಿನ ಕವಲು) ರೇದರ್‌ಫ್ಯೋರ್ದುರ್ ಊರಿನಲ್ಲಿ ಅಲ್ಕೋವಾ ಕಂಪನಿ 2007ರಲ್ಲಿ ಆರಂಭಿಸಿದ ಅಲ್ಯೂಮಿನಿಯಂ ಘಟಕಕ್ಕಾಗಿ.

ಪರಿಸರಕ್ಕೆ ಆಗುವ ಹಾನಿ ಸರಿಪಡಿಸಲಾಗದ್ದು ಎಂದು ದೇಶದ ಯೋಜನಾ ಪ್ರಾಧಿಕಾರವೇ 2001ರಲ್ಲಿ ಇದನ್ನು ತಿರಸ್ಕರಿಸಿತ್ತು. ಅದೇ ವರ್ಷದ ಕೊನೆಗೆ ಪರಿಸರ ಸಚಿವರು ಆ ತೀರ್ಮಾನವನ್ನು ಮಗುಚಿ ಹಾಕಿದರು. ಮೀನುಗಾರಿಕೆ ಸೊರಗಿ, ಯುವಕರು ರಾಜಧಾನಿಗೆ ವಲಸೆ ಹೋಗುತ್ತಿದ್ದ ಪೂರ್ವದ ಊರುಗಳಿಗೆ ಉದ್ಯೋಗ ಬೇಕಿತ್ತು. ಅಲ್ಲಿ ಹುಟ್ಟಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ. ಆದರೆ ಕಾರ್ಖಾನೆಗೆ ಯಾವ ದರಕ್ಕೆ ವಿದ್ಯುತ್ ಕೊಡುತ್ತಿದ್ದಾರೆ ಎಂಬುದನ್ನೇ ವ್ಯಾಪಾರದ ಗುಟ್ಟು ಎಂದು ಮುಚ್ಚಿಟ್ಟರು. ನದಿ ಜನರದ್ದು, ಸಂಸ್ಥೆ ಜನರದ್ದು, ಸಾಲದ ಹೊಣೆ ಜನರದ್ದು, ದರ ಮಾತ್ರ ಜನರಿಗೆ ತಿಳಿಯಬಾರದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನೀರು ತಿರುಗಿಸಿದ ಮೇಲೆ ಏನಾಯಿತು? ಹಿಮನದಿಯ ಹೂಳುನೀರು ಲಾಗರ್‌ಫ್ಲ್ಯೋಟ್ ಎಂಬ ಉದ್ದನೆಯ ಸರೋವರಕ್ಕೆ ಸೇರಿತು. ನೀರು ಇನ್ನಷ್ಟು ಕದಡಿತು. ಬೆಳಕು ಇಳಿಯದೆ ಪಾಚಿ ಕುಂದಿತು, ಪಾಚಿ ಕುಂದಿ ಮೀನು ಬಡವಾಯಿತು. ಒಬ್ಬರೂ ವಾಸವಿಲ್ಲದ ಜಾಗವೆಂದು ಅಣೆಕಟ್ಟಿಗೆ ಆರಿಸಿದ್ದರು. ನೀರು ಹರಿದು ಹೋಗುವ ದಾರಿಯಲ್ಲಿ ಜನರಿದ್ದರು.

“ಜನ ಕಡಿಮೆ ಇರುವಲ್ಲಿ ವಿರೋಧ ಇರಲಾರದು” ಎಂದಿರಿ. ಅಲ್ಲಿಯ ಪ್ರತಿಭಟನೆಯ ಚರಿತ್ರೆ ನೂರು ವರ್ಷಕ್ಕೂ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುಲ್‌ಫಾಸ್ ಜಲಪಾತವನ್ನು ವಿದ್ಯುತ್ತಿಗಾಗಿ ಪಡೆಯಲು ಪರದೇಶಿ ಹೂಡಿಕೆದಾರರು ಬಂದಾಗ, ಪಕ್ಕದ ಹೊಲಮನೆಯ ಸಿಗ್ರಿದುರ್ ತೋಮಸ್‌ದೋತ್ತಿರ್ ಎಂಬ ಹೆಣ್ಣುಮಗಳು ವರ್ಷಗಟ್ಟಲೆ ಹೋರಾಡಿದಳು. ಕೇಸಿಗಾಗಿ ರೇಕ್ಯಾವಿಕ್‌ವರೆಗೆ ನಡೆದೇ ಹೋಗುತ್ತಿದ್ದಳು. ಕೆಲಸ ಶುರುಮಾಡಿದರೆ ಜಲಪಾತಕ್ಕೆ ಹಾರುತ್ತೇನೆ ಎಂದಿದ್ದಳು. ಅವಳ ಪರವಾಗಿ ನಿಂತ ವಕೀಲ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು. ಜಲಪಾತ ಇಂದಿಗೂ ಹರಿಯುತ್ತಿದೆ, ದಡದಲ್ಲಿ ಅವಳ ಮುಖ ಕೆತ್ತಿದ ಕಲ್ಲಿದೆ. ಆ ಕಲ್ಲಿನ ಮುಂದೆ ನಿಂತಾಗ ನನಗೆ ಜೋಗ ನೆನಪಾಗಿ ಗಂಟಲು ಕಟ್ಟಿತು.

1970ರ ಆಗಸ್ಟ್ 25ರಂದು ಉತ್ತರದ ಮೀವಾತ್ನ್ ಸರೋವರದ ಸುತ್ತಲಿನ ರೈತರು ಇನ್ನೂ ಮುಂದೆ ಹೋದರು. ಲಾಕ್ಸೌ ನದಿಯ ಒಂದು ಅಣೆಯನ್ನು ಡೈನಮೈಟ್ ಇಟ್ಟು ಸಿಡಿಸಿದರು. ಪೊಲೀಸರು ವಿಚಾರಿಸಿದರೆ ನೂರಕ್ಕೂ ಹೆಚ್ಚು ಜನ ನಾನೇ, ನಾನೇ ಎಂದರು. ಸ್ಫೋಟಕದ ದಾರಿಯನ್ನು ನಾನು ಮೆಚ್ಚುವುದಿಲ್ಲ. ಆದರೆ 1974ರಲ್ಲಿ ಆ ನದಿ, ಸರೋವರಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ಬಂದದ್ದು ಆ ಜಗಳದಿಂದಲೇ. 2007ರ ಮಾರ್ಚ್‌ನಲ್ಲಿ ಸ್ಟ್ರೌಮ್ಸ್‌ವೀಕ್ ಕಾರ್ಖಾನೆಯನ್ನು ವಿಸ್ತರಿಸಬೇಕೇ ಎಂದು ಆ ಪಟ್ಟಣದವರೇ ಮತ ಹಾಕಿದರು. 88 ಮತಗಳ ಅಂತರದಲ್ಲಿ ಬೇಡ ಎಂದಾಯಿತು. ಕಂಪನಿ ಅದನ್ನು ಒಪ್ಪಿಕೊಂಡಿತು. ನಮ್ಮಲ್ಲಿ ಯಾವುದಾದರೂ ಪಟ್ಟಣಕ್ಕೆ ಇಂಥ ಮತದಾನದ ಅವಕಾಶ ಸಿಕ್ಕಿದ್ದು ನನಗೆ ನೆನಪಿಲ್ಲ.

ಇಷ್ಟು ಹೊತ್ತು ವಿದ್ಯುತ್ತಿನ ಮಾತಾಯಿತು. ಆದರೆ ಐಸ್‌ಲ್ಯಾಂಡಿನ ನಿಜವಾದ ಸಾಧನೆ ವಿದ್ಯುತ್ತಲ್ಲ, ಬಿಸಿನೀರು. ನಾನು ಅಲ್ಲಿಂದ ಹೊತ್ತು ತಂದದ್ದೂ ಅದನ್ನೇ.

ರೇಕ್ಯಾವಿಕ್‌ನ ಮುಖ್ಯ ಅಂಗಡಿ ಬೀದಿಯ ಹೆಸರು ಲೋಯ್ಗಾವೇಗುರ್. ಬಿಸಿಬುಗ್ಗೆಗೆ ಹೋಗುವ ದಾರಿ ಎಂದು ಅದರ ಅರ್ಥ. ಒಂದು ಕಾಲಕ್ಕೆ ಆ ದಾರಿಯಲ್ಲಿ ಹೆಂಗಸರು ಬಟ್ಟೆಯ ಗಂಟು ಹೊತ್ತು, ಚಳಿಗಾಳಿಯಲ್ಲಿ ಮೂರು ಕಿಲೋಮೀಟರ್ ನಡೆದು, ಬುಗ್ಗೆಯ ಕುದಿನೀರಿನಲ್ಲಿ ಒಗೆದು, ಒದ್ದೆಯಾಗಿ ಎರಡರಷ್ಟು ಭಾರವಾದ ಗಂಟು ಹೊತ್ತು ಮರಳುತ್ತಿದ್ದರು. ಕಾಲು ಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಇದ್ದಾರೆ. 1930ರಲ್ಲಿ ಅದೇ ಬುಗ್ಗೆಯ ಬಳಿ ಕೊರೆದು, ನೀರನ್ನು ಕೊಳವೆಯಲ್ಲಿ ಊರಿಗೆ ತಂದರು. ಮೊದಲು ಕೊಟ್ಟದ್ದು ಒಂದು ಶಾಲೆಗೆ. ಜೊತೆಗೆ ಆಸ್ಪತ್ರೆ, ಈಜುಕೊಳ, ಹತ್ತಾರು ಮನೆಗಳಿಗೆ. 1943ರಲ್ಲಿ ಸುಮಾರು ಹದಿನೆಂಟು ಕಿಲೋಮೀಟರ್ ಆಚೆಯ ರೇಕಿರ್‌ನಿಂದ ದೊಡ್ಡ ಕೊಳವೆ ಬಂತು. ಕಲ್ಲಿದ್ದಲಿನ ಹೊಗೆ ಮುಸುಕಿದ ಹಳೆಯ ರೇಕ್ಯಾವಿಕ್‌ನ ಚಿತ್ರಗಳನ್ನು ನೋಡಿದರೆ ಅದು ಅದೇ ಊರು ಎಂದು ನಂಬಿಕೆ ಬರುವುದಿಲ್ಲ.

ಆದರೂ 1970ರ ಹೊತ್ತಿಗೆ ದೇಶದ ಸುಮಾರು ಅರ್ಧ ಜನ ಮನೆ ಬೆಚ್ಚಗಿಡಲು ಹೊರದೇಶದ ಎಣ್ಣೆಯನ್ನೇ ಉರಿಸುತ್ತಿದ್ದರು. 1973ರಲ್ಲಿ ಎಣ್ಣೆಯ ಬೆಲೆ ಹಾರಿತು. ಸರ್ಕಾರ ಆಗ ಹಿಡಿದ ದಾರಿ ಗಮನಿಸುವಂಥದ್ದು. ಬಿಸಿನೀರಿಗಾಗಿ ಬಾವಿ ಕೊರೆಯುವುದು ಜೂಜು. ಕೋಟಿ ಸುರಿದರೂ ತಣ್ಣೀರು ಸಿಗಬಹುದು. ಒಂದೆರಡು ಸಾವಿರ ಜನರ ಊರಿನ ಪುರಸಭೆ ಅಂಥ ಜೂಜಾಡಿದರೆ ದಿವಾಳಿಯೇ. ಅದಕ್ಕೆಂದೇ ಸರ್ಕಾರದ ಇಂಧನ ನಿಧಿಯಿಂದ ಸಾಲ ಕೊಟ್ಟರು. ಬಿಸಿನೀರು ಸಿಕ್ಕರೆ ಸಾಲ ತೀರಿಸಬೇಕು, ಸಿಗದಿದ್ದರೆ ಮನ್ನಾ. ಎಲ್ಲಿ ಕೊರೆಯಬೇಕೆಂದು ಹೇಳಲು ಸರ್ಕಾರಿ ಭೂವಿಜ್ಞಾನಿಗಳು ಕೊಡೆಯಂತೆ ಬೆನ್ನಿಗಿದ್ದರು. ಹದಿನೈದು ವರ್ಷದೊಳಗೆ ಎಣ್ಣೆಯ ಪಾಲು ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು. ಇಂದು ನೂರಕ್ಕೆ ತೊಂಬತ್ತು ಮನೆಗಳಿಗೆ ಶಾಖ ಬರುವುದು ನೆಲದಿಂದ. ಕೊರೆದ ಬಾವಿ ತಣ್ಣಗಾದರೆ ನಷ್ಟ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿದ್ದರಿಂದ ಇದೆಲ್ಲ ಸಾಧ್ಯವಾಯಿತು.

ಒಂದು ದಿನ ನಮ್ಮನ್ನು ನೆಸ್ಯಾವೆಟ್ಲಿರ್ ಸ್ಥಾವರಕ್ಕೆ ಕರೆದೊಯ್ದರು. ನೆಲದೊಳಗಿನ ನೀರಿನಲ್ಲಿ ಖನಿಜ ಹೆಚ್ಚು, ನೇರವಾಗಿ ಬಿಟ್ಟರೆ ಕೊಳವೆಯ ಒಳಗೋಡೆಗೆ ಸುಣ್ಣ ಕಟ್ಟಿದ ಹಾಗೆ ಗಟ್ಟಿ ಪದರ ಕೂರುತ್ತದೆ. ಆದ್ದರಿಂದ ಆ ಶಾಖದಿಂದ ಶುದ್ಧ ತಣ್ಣೀರನ್ನು 80 ಡಿಗ್ರಿಗೂ ಮೇಲೆ ಕಾಯಿಸಿ ರೇಕ್ಯಾವಿಕ್‌ಗೆ ಕಳಿಸುತ್ತಾರೆ. ದೂರ 27 ಕಿಲೋಮೀಟರ್. ಬಯಲಿನಲ್ಲಿ ಕೊಳವೆ ನೆಟ್ಟಗೆ ಹೋಗುವುದಿಲ್ಲ, ಅಂಕುಡೊಂಕಾಗಿ ಹೋಗುತ್ತದೆ. ಕಾದ ಉಕ್ಕು ಹಿಗ್ಗಿದಾಗ ಆ ಮೂಲೆಗಳು ಹಿಗ್ಗನ್ನು ನುಂಗಿಕೊಳ್ಳುತ್ತವೆ. ನಾನು ಕೈಗವಸು ತೆಗೆದು ಅಂಗೈಯನ್ನು ಕೊಳವೆಯ ಹೊರ ಕವಚಕ್ಕೆ ಒತ್ತಿದೆ. ಹಿಮಗಡ್ಡೆಯಂತೆ ಕೊರೆಯಿತು. ಮೇಲೆ ಬಿದ್ದ ಹಿಮ ಕರಗದೆ ಕೂತಿತ್ತು. ಒಳಗೆ ಕೈ ಸುಡುವ ನೀರು ಹರಿಯುತ್ತಿದೆ, ಹೊರಗೆ ಅದರ ಸುಳಿವೇ ಇಲ್ಲ. ಅಷ್ಟು ದೂರಕ್ಕೆ ಕಳೆದುಕೊಳ್ಳುವುದು ಎರಡು ಡಿಗ್ರಿಗಿಂತಲೂ ಕಡಿಮೆ ಎಂದು ಅಲ್ಲಿಯ ಎಂಜಿನಿಯರ್ ಹೇಳಿದಾಗ, ತಂತಿಯಲ್ಲಿ ಸೋರುವ ಯೂನಿಟ್‌ಗಳನ್ನು ಎಣಿಸುತ್ತಲೇ ಬದುಕಿದ ನನಗೆ ಹೊಟ್ಟೆಕಿಚ್ಚಾಯಿತು. ಮನೆಗಳಲ್ಲಿ ಶಾಖ ಕೊಟ್ಟು ಉಗುರುಬೆಚ್ಚಗಾದ ನೀರನ್ನೂ ಬಿಡುವುದಿಲ್ಲ, ಪಾದಚಾರಿ ದಾರಿಯ ಕಲ್ಲಿನ ಅಡಿಯಲ್ಲಿ ಹರಿಸಿ ಹಿಮ ಕರಗಿಸುತ್ತಾರೆ. ಕಟ್ಟಕಡೆಯ ಡಿಗ್ರಿಯವರೆಗೂ ಬಳಸುವ ಈ ಗೃಹಿಣಿಯ ಗುಣ ನನಗೆ ತುಂಬ ಹಿಡಿಸಿತು. ಈ ಜಾಲ ಇಂದಿಗೂ ರೇಕ್ಯಾವಿಕ್ ಮತ್ತು ನೆರೆಯ ಪುರಸಭೆಗಳ ಸ್ವಂತದ್ದು.

ಎಲ್ಲವೂ ಸಲೀಸಾಗಿದೆ ಎಂದುಕೊಳ್ಳಬೇಡಿ. ಹೆಟ್ಲಿಸ್‌ಹೇದಿ ಎಂಬ 303 ಮೆಗಾವಾಟ್ ಭೂಶಾಖ ಸ್ಥಾವರವನ್ನು ಆತುರದಿಂದ ಬೆಳೆಸಿದರು. ಬಾವಿಗಳ ಒತ್ತಡ ಇಳಿಯಿತು, ದೂರದ ಹೊಸ ಬಾವಿಗಳಿಂದ ಹಬೆ ತಂದು ತುಂಬಿಸಬೇಕಾಯಿತು. ಬಳಸಿದ ನೀರನ್ನು ಮತ್ತೆ ನೆಲಕ್ಕೆ ಇಂಗಿಸಲು ಹೋದಾಗ 2011ರಲ್ಲಿ ಸುತ್ತಲಿನ ಊರುಗಳು ನಡುಗಿದವು. ನವೀಕರಿಸಬಹುದಾದ ಶಕ್ತಿ ಎಂದರೂ ನೆಲ ಮತ್ತೆ ಕಾಯುವುದಕ್ಕೆ ಅದರದೇ ಕಾಲ ಬೇಕು. 2024ರ ಫೆಬ್ರುವರಿ 8ರಂದು ಲಾವಾ ಹರಿದು ಸ್ವಾರ್ಟ್ಸೆಂಗಿ ಸ್ಥಾವರದ ಬಿಸಿನೀರಿನ ಕೊಳವೆಯನ್ನು ನುಂಗಿತು. ಕೊರೆಯುವ ಚಳಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆಗೆ ಶಾಖ ನಿಂತಿತು. ಎಲ್ಲರೂ ಒಮ್ಮೆಲೇ ವಿದ್ಯುತ್ ಹೀಟರ್ ಹಾಕಿದರೆ ಲೈನ್ ತಾಳದು. ಒಂದೊಂದೇ ಸಣ್ಣ ಹೀಟರ್ ಬಳಸಿ ಎಂದು ಬೇಡಿಕೊಳ್ಳಬೇಕಾಯಿತು. ಕೆಲವೇ ದಿನಗಳಲ್ಲಿ ಹೊಸ ಕೊಳವೆ ಜೋಡಿಸಿದರು.

ವಿರಳ ಜನಸಂಖ್ಯೆಯ ನಿಜವಾದ ಕಷ್ಟ ಇರುವುದು ತಂತಿಯಲ್ಲಿ. ಜನ ಹೆಚ್ಚಿದ್ದರೆ ಒಂದು ಲೈನಿನ ಖರ್ಚನ್ನು ಲಕ್ಷ ಮನೆಗಳು ಹಂಚಿಕೊಳ್ಳುತ್ತವೆ. ಅಲ್ಲಿ ಒಂದು ಕಣಿವೆಗೆ ಹತ್ತು ಮನೆ. 2019ರ ಡಿಸೆಂಬರಿನ ಬಿರುಗಾಳಿಯಲ್ಲಿ ತಂತಿಗಳ ಮೇಲೆ ತೋಳಿನಷ್ಟು ದಪ್ಪ ಹಿಮ ಕಟ್ಟಿ ಕಂಬಗಳು ಉರುಳಿದವು. ಉತ್ತರದ ಹಳ್ಳಿಗಳಲ್ಲಿ ದಿನಗಟ್ಟಲೆ ಕತ್ತಲೆ. ದಾಲ್ವೀಕ್ ಎಂಬ ಬಂದರಿಗೆ ಕರಾವಳಿ ಪಡೆಯ ಹಡಗನ್ನು ತಂದು ನಿಲ್ಲಿಸಿ, ಹಡಗಿನ ಎಂಜಿನ್ನಿನಿಂದ ಊರಿಗೆ ಕರೆಂಟು ಕೊಟ್ಟರು. ವಾಯವ್ಯದ ಕಡಲಚಾಚುಗಳ ಊರುಗಳಲ್ಲಿ ಬಿಸಿನೀರೂ ಕಡಿಮೆ, ಲೈನೂ ದುರ್ಬಲ. ಡೀಸೆಲ್ ಜನರೇಟರ್ ಸದಾ ಸಿದ್ಧ. ಮಳೆ, ಹಿಮ ಕಡಿಮೆಯಾಗಿ ಜಲಾಶಯ ತುಂಬದ ವರ್ಷಗಳಲ್ಲಿ, 2022ರಲ್ಲೂ 2024ರಲ್ಲೂ, ಮೀನಿನ ಹಿಟ್ಟಿನ ಕಾರ್ಖಾನೆಗಳಿಗೆ ವಿದ್ಯುತ್ ಕಡಿತವಾಗಿ ಅವು ಎಣ್ಣೆ ಉರಿಸಿದವು. ಕಾರು, ಹಡಗು, ವಿಮಾನಗಳಿಗೆ ಎಣ್ಣೆ ಹೇಗೂ ಹೊರಗಿನಿಂದಲೇ ಬರಬೇಕು. ಐಸ್‌ಲ್ಯಾಂಡಿನ ಶಕ್ತಿ ನೂರಕ್ಕೆ ನೂರು ನವೀಕರಿಸಬಹುದಾದದ್ದು ಎಂದು ಕೇಳಿಬರುವ ಲೆಕ್ಕ ವಿದ್ಯುತ್ತಿಗೆ ಮಾತ್ರ ಸಲ್ಲುತ್ತದೆ.

ಹಾಗಾದರೆ ಬ್ರಿಟನ್ನಿಗೆ ಸಮುದ್ರದಡಿ ಕೇಬಲ್ ಹಾಕಿ ಮಾರಬಹುದಲ್ಲ? ಸುಮಾರು 1,000 ಕಿಲೋಮೀಟರಿನ ಅಂಥ ಕೇಬಲ್‌ನ ಮಾತು ದಶಕಗಳಿಂದ ಇದೆ. 2015ರಲ್ಲಿ ಎರಡೂ ಸರ್ಕಾರಗಳು ಅಧ್ಯಯನಕ್ಕೂ ಕೂತವು. ಇನ್ನೂ ಹಾಕಿಲ್ಲ. ಕೇಬಲ್ ಬಂದರೆ ಅಲ್ಲಿಯ ಬೆಲೆಯೂ ಅದರಲ್ಲೇ ಇಲ್ಲಿಗೆ ಬರುತ್ತದೆ ಎಂಬುದು ಜನರ ಭಯ. ಅದು ಸುಳ್ಳು ಭಯವಲ್ಲ. 2021ರ ನಂತರ ಯುರೋಪಿನ ಗ್ಯಾಸ್ ಬಿಕ್ಕಟ್ಟಿನಲ್ಲಿ, ಹೊರದೇಶಗಳಿಗೆ ಕೇಬಲ್ ಇದ್ದ ದಕ್ಷಿಣ ನಾರ್ವೆಯ ಮನೆಗಳ ಬಿಲ್ಲು ಏರಿದ್ದನ್ನು ಅವರು ಕಣ್ಣಾರೆ ಕಂಡರು.

ಈಗ ಅಲ್ಲಿ ಪ್ರತಿಯೊಂದು ನದಿ, ಬಿಸಿನೆಲಗಳನ್ನು ತಜ್ಞರು ಅಳೆದು, ಸಂಸತ್ತು ಮೂರು ಪಟ್ಟಿಗೆ ಹಾಕುತ್ತದೆ: ಬಳಸಬಹುದಾದವು, ಕಾಯಬೇಕಾದವು, ಮುಟ್ಟಬಾರದವು. 1999ರಲ್ಲಿ ಶುರುವಾದ ಈ ಕೆಲಸಕ್ಕೆ 2011ರಲ್ಲಿ ಕಾನೂನಿನ ಬಲ ಬಂತು. ಜಗಳ ಅಲ್ಲಿಗೆ ಮುಗಿದಿಲ್ಲ. ಥ್ಯೋರ್ಸೌ ನದಿಯ 95 ಮೆಗಾವಾಟ್‌ನ ಯೋಜನೆಯೊಂದು ಬಳಸಬಹುದಾದ ಪಟ್ಟಿಯಲ್ಲಿದ್ದರೂ 2025ರಲ್ಲಿ ಸುಪ್ರೀಂ ಕೋರ್ಟ್ ಅದರ ಪರವಾನಗಿಯನ್ನು ಎತ್ತಿಹಿಡಿಯಲಿಲ್ಲ. ಆದರೆ ಒಂದು ಯೋಜನೆ ಬಂದಾಗ ಕಾಡಿನ ಬಗ್ಗೆ ಚರ್ಚಿಸುವುದಕ್ಕೂ, ಯೋಜನೆ ಬರುವ ಮೊದಲೇ ಎಲ್ಲ ನದಿಗಳನ್ನು ಒಟ್ಟಿಗೆ ಇಟ್ಟು ತೂಗುವುದಕ್ಕೂ ಬಹಳ ವ್ಯತ್ಯಾಸವಿದೆ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು) ವಿವಾದ ನೋಡುವಾಗ, ಪಶ್ಚಿಮಘಟ್ಟದ ನದಿಗಳಿಗೆ ನಮ್ಮ ವಿಧಾನಸಭೆಯಲ್ಲಿ ಇಂಥ ಒಂದು ಪಟ್ಟಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಲಿಯುವುದಿದೆಯೇ ಎಂದು ಕೇಳಿದ್ದೀರಿ. ಆ ಪಟ್ಟಿ ಮತ್ತು ಬಾವಿ ಕೊರೆಯುವ ನಷ್ಟವನ್ನು ಸರ್ಕಾರ ಹೊತ್ತ ರೀತಿ, ಈ ಎರಡನ್ನು ನಾನು ಹೇಳುತ್ತೇನೆ. ಬಿಸಿನೆಲವನ್ನು ಎರವಲು ತರಲಾಗದು, ಇವನ್ನು ತರಬಹುದು.

ಕೊನೆಯದಾಗಿ ಬೆಂದ್ರುತೀರ್ಥಕ್ಕೆ ಮರಳುತ್ತೇನೆ. ರೇಕ್ಯಾವಿಕ್‌ನ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಆ ಬುಗ್ಗೆ ಈಗ ತಾನಾಗಿ ಉಕ್ಕುವುದಿಲ್ಲ. ಸುತ್ತ ಆಳದ ಬಾವಿ ಕೊರೆದು ಪಂಪು ಇಳಿಸಿದ ಮೇಲೆ ನೆಲದೊಳಗಿನ ಒತ್ತಡ ಕುಸಿದು ಅದು ಬತ್ತಿತು. ಊರಿಗೆ ಶಾಖ ಸಿಕ್ಕಿತು, ಆದ್ದರಿಂದ ಅವರು ಆ ನಷ್ಟವನ್ನು ಒಪ್ಪಿಕೊಂಡರು. ನಿಮ್ಮ ಬುಗ್ಗೆಯಿಂದ ಕರೆಂಟು ಬರುವುದಿಲ್ಲ. ಅಲ್ಲಿ ಕಳೆದುಕೊಂಡರೆ ಬದಲಿಗೆ ಸಿಗುವುದು ಏನೂ ಇಲ್ಲ. ಅದರ ಆಸುಪಾಸಿನಲ್ಲಿ ತೋಟಕ್ಕೆಂದು ಹೊಸ ಕೊಳವೆಬಾವಿ ಕೊರೆಯುವ ಮಾತು ಬಂದರೆ, ದಯವಿಟ್ಟು ಗ್ರಾಮಸಭೆಯಲ್ಲಿ ಎದ್ದು ನಿಂತು ಈ ವಿಷಯ ಹೇಳಿ.